ಹಳ್ಳದ ದಂಡೆಗೆ ಬಂದ ಕೋರ್ ಯಂತ್ರ

(ಗಟ್ ಕಚೇರಿಯ ಆವರಣದಲ್ಲಿ ಜರುಗಿದ ಕಬ್ಬು ಬೆಳೆಗಾರರ ಮೇಳಾವದಲ್ಲಿ ಕಾರ್ಖಾನೆಯ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ. ಸಭೆಗೆ ಬರಲಾಗದ ಸದಸ್ಯ ಬಾಂಧವರ ಸಲುವಾಗಿ ಇಲ್ಲಿ ಕೊಟ್ಟಿದೆ.)



ಇಂದಿನ ಕಾರ್ಯಕ್ರಮ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಕುಳೆ ಕಬ್ಬಿನ ಆರೈಕೆ’ ಎಂದು ಅಚ್ಚಾಗಿದೆ. ಆ ವಿಷಯವನ್ನು ಊಟವಾದ ಮೇಲೆ ನಮ್ಮ ಸಹಾಯಕರು ಹೇಳುವರು; ಅದನ್ನು ಅವರು ನನಗಿಂತ ಚೆನ್ನಾಗಿ ಬಲ್ಲರು. ಅಧ್ಯಕ್ಷರ ಅಪ್ಪಣೆ ಪಡೆದು ನಾನು ಬೇರೆ ಮಾತಿಗೆ ಬರುತ್ತೇನೆ. ಕಳೆದ ಹದಿನೈದು ದಿವಸಗಳಿಂದ ಗಟ್ ಕಚೇರಿಗೆ ಬಂದವರೆಲ್ಲ ಕಬ್ಬಿನ ನೋಂದಣಿ ಬಿಟ್ಟು, ಗೊಬ್ಬರದ ಚೀಟಿ ಬಿಟ್ಟು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: “ಸಾಹೇಬ್ರ, ಹಳ್ಳದ ದಂಡಿಗೆ ಮಷಿನ್ ಬಂದೈತಲ್ಲ, ಅದು ಏನ ಹುಡುಕಾಕತ್ತೈತಿ?”

ಕೇಳಿದವರೇ ಉತ್ತರವನ್ನೂ ತಂದಿರುತ್ತಾರೆ. ಬಂಗಾರ ಎಂದರು ಕೆಲವರು. ಯಂತ್ರದ ತುದಿಯಲ್ಲಿ ವಜ್ರ ಇದೆ ಎಂದು ಅಲ್ಲಿಯ ಕೂಲಿಯವನೊಬ್ಬ ಹೇಳಿದನಂತೆ. ಸಂಜೆಯಾಗುವುದರೊಳಗೆ ಅದು ‘ನಮ್ಮ ಹಳ್ಳದಾಗ ವಜ್ರ ಸಿಕ್ಕೈತಿ’ ಎಂದಾಯಿತು. ಹೊಲ ಸರಕಾರಕ್ಕೆ ಹೋಗುತ್ತದೆ ಎಂದು ಕೆಲವರು ಹೆದರಿದರು. ಇದೆಲ್ಲ ನಗುವ ಮಾತೆಂದು ಬಿಡಬಹುದಿತ್ತು. ಆದರೆ ಆ ತೂತಿನಿಂದ ಸುತ್ತಲಿನ ಬಾವಿಗಳ ನೀರು ಇಳಿದುಹೋಗುತ್ತದೆ ಎಂಬ ಮಾತು ಹುಟ್ಟಿದ ಮೇಲೆ, ನಮ್ಮ ಸದಸ್ಯರಲ್ಲೇ ಮೂವರು ಯಂತ್ರಕ್ಕೆ ನೀರು ತರುವ ಟ್ಯಾಂಕರನ್ನು ತಮ್ಮ ಬದುವಿನ ದಾರಿಯಲ್ಲಿ ಬಿಡಲಿಲ್ಲ. ಒಂದೂವರೆ ದಿವಸ ಕೆಲಸ ನಿಂತಿತು. ಆದ್ದರಿಂದ ಈ ಯಂತ್ರ ಏನು ಮಾಡುತ್ತದೆ ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಹೇಳುವುದು ಕರ್ತವ್ಯವೆನಿಸಿತು. ನಾನು ಭೂಗರ್ಭಶಾಸ್ತ್ರಜ್ಞನಲ್ಲ, ಕೃಷಿ ಪದವೀಧರ. ಮಣ್ಣಿನ ಕೆಳಗೆ ಹೋದರೆ ನಾನೂ ನಿಮ್ಮ ಹಾಗೆ ವಿದ್ಯಾರ್ಥಿಯೇ.

ನಾವೆಲ್ಲ ಕಂಡಿರುವುದು ಬೋರಿನ ಗಾಡಿ. ತಮಿಳುನಾಡಿನ ತಿರುಚೆಂಗೋಡಿನ ಕಡೆಯಿಂದ ಬರುವ ಆ ಗಾಡಿಗಳು ಗಾಳಿಯ ಒತ್ತಡದಿಂದ ಕೆಲಸ ಮಾಡುತ್ತವೆ. ಕೊಳವೆಗಳ ತುದಿಯಲ್ಲಿ ಒಂದು ಸುತ್ತಿಗೆ, ಅದರ ಮುಖಕ್ಕೆ ಗಟ್ಟಿ ಲೋಹದ ಗುಂಡಿಗಳು. ಸುತ್ತಿಗೆ ಬಡಿಯುತ್ತದೆ, ಕಲ್ಲು ಪುಡಿಯಾಗುತ್ತದೆ, ಗಾಳಿ ಆ ಪುಡಿಯನ್ನು ಮೇಲಕ್ಕೆ ಊದುತ್ತದೆ. ಬೆಳಗ್ಗೆ ತೆಂಗಿನಕಾಯಿ ಒಡೆದರೆ ಸಂಜೆಯೊಳಗೆ ಮುನ್ನೂರು ಅಡಿ. ಅದರ ಕೆಲಸ ತೂತು ಮಾಡುವುದು. ಕಲ್ಲು ಹೇಗಿತ್ತೆಂಬುದು ಅದಕ್ಕೆ ಬೇಕಾಗಿಲ್ಲ.

ಹಳ್ಳದ ದಂಡೆಯ ಯಂತ್ರ ಇದಕ್ಕೆ ತಿರುವುಮುರುವು. ಅದಕ್ಕೆ ಬೇಕಾದದ್ದು ತೂತಲ್ಲ, ತೂತಿನ ನಡುವಿನ ಕಲ್ಲು. ಮನೆಯಲ್ಲಿ ಹೆಣ್ಣುಮಕ್ಕಳು ಬಾಳೆದಿಂಡಿನ ಹೊರಪದರು ಸುಲಿದು ಒಳಗಿನ ದಿಂಡನ್ನು ಇಡಿಯಾಗಿ ತೆಗೆಯುವುದಿಲ್ಲವೇ, ಹಾಗೆ ಇದು ಕಲ್ಲಿನ ದಿಂಡು ತೆಗೆಯುತ್ತದೆ. ಅದಕ್ಕೇ ಕೋರು ಎಂಬ ಹೆಸರು. ಬಿಟ್ಟು ಎಂಬ ಕೊರೆಯುವ ಮುಖ ಉಂಗುರದ ಆಕಾರದ್ದು, ನಡುವೆ ಪೊಳ್ಳು. ಅದು ತಿರುಗುತ್ತ ಕಲ್ಲಿನಲ್ಲಿ ಬಳೆಯಂತೆ ಒಂದು ಕಾಲುವೆ ಕೊರೆದು ಇಳಿಯುತ್ತದೆ; ಮಧ್ಯದ ಕಲ್ಲು ಕೋಲಿನಂತೆ ಕೊಳವೆಯೊಳಗೆ ಏರುತ್ತದೆ. ನಮ್ಮಲ್ಲಿ ಹಾಕುತ್ತಿರುವುದು ಎನ್‌ಎಕ್ಸ್ ಅಳತೆ: ತೂತು ಸುಮಾರು 76 ಮಿ.ಮೀ., ಒಳಗೆ ಸಿಗುವ ಕೋಲು ಸುಮಾರು 54 ಮಿ.ಮೀ. ದಪ್ಪ.

ಇದರಲ್ಲಿ ಜಾಣತನವೆಲ್ಲ ಆ ಕೊಳವೆಯಲ್ಲಿದೆ. ಬ್ಯಾರಲ್ ಎನ್ನುತ್ತಾರೆ. ಹೊರಗಿನ ಕೊಳವೆ ಬಿಟ್ಟಿನ ಜೊತೆ ತಿರುಗುತ್ತದೆ. ಒಳಗಿನದು ಬೇರಿಂಗಿಗೆ ತೂಗುಬಿದ್ದಿರುವುದರಿಂದ ತಿರುಗುವುದಿಲ್ಲ. ಒಳಗಿನದೂ ತಿರುಗಿದ್ದರೆ ಕಲ್ಲಿನ ಕೋಲು ಉಜ್ಜಿ, ತಿರುಚಿ ಚೂರಾಗುತ್ತಿತ್ತು. ಎರಡು ಕೊಳವೆಗಳ ನಡುವಿನ ಸಂದಿಯಲ್ಲಿ ನೀರು ಇಳಿಯುತ್ತದೆ, ಬಿಟ್ಟನ್ನು ತಣ್ಣಗಿಟ್ಟು, ಕಲ್ಲಿನ ಹಿಟ್ಟನ್ನು ಹೊತ್ತು ತೂತಿನ ಗೋಡೆಯ ಗುಂಟ ಮೇಲೆ ಬರುತ್ತದೆ. ಟ್ಯಾಂಕರು ಬೇಕಾದದ್ದು ಇದಕ್ಕೇ. ಯಂತ್ರ ನಿಮ್ಮ ಬಾವಿಯ ನೀರು ಎಳೆಯುವುದಿಲ್ಲ, ಹೊರಗಿನ ನೀರನ್ನು ಒಳಕ್ಕೆ ಕೊಡುತ್ತದೆ. ಕೆಲಸ ಮುಗಿದ ಮೇಲೆ ಆ ತೂತನ್ನು ಸಿಮೆಂಟಿನ ಗಾರೆಯಿಂದ ಮುಚ್ಚುತ್ತಾರೆ. ಟ್ಯಾಂಕರ್ ತಡೆದ ಮೂವರಿಗೂ ನಾನು ಇದನ್ನು ಅಲ್ಲೇ ನಿಂತು ತೋರಿಸಿದೆ. ಒಬ್ಬರು ಇನ್ನೂ ಪೂರ್ತಿ ನಂಬಿಲ್ಲ. ಮುಚ್ಚುವ ದಿವಸ ತಾವೇ ಬಂದು ನೋಡುವುದಾಗಿ ಹೇಳಿದ್ದಾರೆ. ನೋಡಲಿ, ಅದು ಸರಿಯಾದದ್ದೇ.

ಕೋಲು ಕೊಳವೆ ತುಂಬಿದಾಗ ಕಾರಕೂನನ ಉಂಗುರದಷ್ಟೇ ಕಾಣುವ ಒಂದು ಸ್ಪ್ರಿಂಗು ಬುಡದಲ್ಲಿ ಅದನ್ನು ಬಿಗಿಹಿಡಿಯುತ್ತದೆ. ಎಳೆದರೆ ಕಲ್ಲು ಬುಡದಲ್ಲಿ ಪಟ್ಟನೆ ಮುರಿದು ಮೇಲಕ್ಕೆ ಬರುತ್ತದೆ. ಆಳ ಕಡಿಮೆ ಇದ್ದರೆ ಇದು ಸುಲಭ. ಆದರೆ 300 ಮೀಟರ್ ಆಳದಲ್ಲಿದ್ದರೆ? ಮೂರು ಮೀಟರಿನ ನೂರು ಕೊಳವೆಗಳನ್ನು ಒಂದೊಂದಾಗಿ ತಿರುವಿ ಬಿಚ್ಚಬೇಕು, ಮೂರು ಮೀಟರ್ ಕಲ್ಲು ತೆಗೆಯಬೇಕು, ನೂರನ್ನೂ ಮತ್ತೆ ಜೋಡಿಸಬೇಕು. ದಿವಸವೆಲ್ಲ ಅದರಲ್ಲೇ ಹೋಗುತ್ತಿತ್ತು. 1950ರ ದಶಕದಲ್ಲಿ ಅಮೆರಿಕದ ಲಾಂಗ್‌ಇಯರ್ ಕಂಪನಿ ಬಳಕೆಗೆ ತಂದ ವೈರ್‌ಲೈನ್ ಪದ್ಧತಿ ಈ ಕಷ್ಟ ಕಳೆಯಿತು. ಹೊರಕೊಳವೆಗಳನ್ನು ಕೆಳಗೇ ಬಿಟ್ಟು, ಬಾವಿಯಲ್ಲಿ ಬಿದ್ದ ಕೊಡಕ್ಕೆ ಪಾತಾಳಗರಡಿ ಇಳಿಬಿಟ್ಟ ಹಾಗೆ ತಂತಿಹಗ್ಗದಲ್ಲಿ ಒಂದು ಕೊಕ್ಕೆ ಇಳಿಸಿ ಒಳಕೊಳವೆಯನ್ನಷ್ಟೇ ಎತ್ತುವುದು. ಗಣಿಗಳ ಹುಡುಕಾಟದಲ್ಲಿ ಇಂದು ನಡೆಯುವುದು ಹೆಚ್ಚಾಗಿ ಈ ಪದ್ಧತಿಯೇ.

ಇನ್ನು ವಜ್ರದ ಮಾತು. ವಜ್ರ ಇರುವುದು ನಿಜ, ಆದರೆ ಹಳ್ಳದಲ್ಲಲ್ಲ, ಯಂತ್ರದ ಬಾಯಲ್ಲಿ. ಜಿನೀವಾದ ಗಡಿಯಾರ ಕೆಲಸದ ಲೆಷೊ ಎಂಬುವರು 1860ರ ದಶಕದಲ್ಲಿ ಕೊಳವೆಯ ತುದಿಗೆ ವಜ್ರ ಕೂಡಿಸಿ ಕಲ್ಲು ಕೊರೆಯುವ ವಿಚಾರ ತಂದರು. ಆಗ ಗಣಿಯ ವಜ್ರ, ಈಗ ಬಹುಮಟ್ಟಿಗೆ ಕಾರ್ಖಾನೆಯಲ್ಲಿ ತಯಾರಾದ ವಜ್ರದ ಹರಳುಪುಡಿ. ಅದನ್ನು ಲೋಹದ ಪುಡಿಯಲ್ಲಿ ಕಲಸಿ ಕಾಸಿ ಬಿಟ್ಟು ಮಾಡುತ್ತಾರೆ. ಇಲ್ಲೊಂದು ಸಂಗತಿ ನನಗೆ ಬಹಳ ಹಿಡಿಸಿತು. ಗಟ್ಟಿ ಕಲ್ಲಿಗೆ ಗಟ್ಟಿ ಬಿಟ್ಟು ಬೇಕೆಂದು ನಾವು ತಿಳಿಯುತ್ತೇವೆ. ಹಾಗಲ್ಲ. ಗಟ್ಟಿ ಕಲ್ಲಿಗೆ ಮೆತ್ತನೆ ಲೋಹದ ಬಿಟ್ಟು ಬೇಕು. ಲೋಹ ಸವೆದಂತೆ ಮೊಂಡಾದ ಹರಳು ಉದುರಿ ಒಳಗಿನ ಹೊಸ ಹರಳು ಹೊರಬೀಳಬೇಕು. ಲೋಹ ಸವೆಯದಿದ್ದರೆ ಬಿಟ್ಟಿಗೆ ಕನ್ನಡಿಯಂಥ ಹೊಳಪು ಬಂದು ಕೊರೆಯುವುದೇ ನಿಲ್ಲುತ್ತದೆ. ಮರಳುಗಲ್ಲಿನಂತೆ ಉಜ್ಜುವ ಕಲ್ಲಿಗೆ ಮಾತ್ರ ಗಟ್ಟಿ ಲೋಹ. ನಮ್ಮ ಕರಿಗಲ್ಲಿಗೆ ತಕ್ಕದ್ದನ್ನು ಆರಿಸಲು ಡ್ರಿಲ್ಲರನು ಮೊದಲ ದಿವಸ ಎರಡು ಬಿಟ್ಟು ಬದಲಿಸಿದ.

ಈಗ ಆ ಕೋಲುಗಳಿಂದ ಏನು ತಿಳಿಯುತ್ತದೆ ಎಂಬುದಕ್ಕೆ ಬರೋಣ. ನಮ್ಮ ನೆಲ ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿದ ಲಾವಾರಸ ಹಾಸಿನ ಮೇಲೆ ಹಾಸಾಗಿ ಹರಿದು ಆರಿದ್ದು. ಒಂದೊಂದು ಹಾಸಿನ ನೆತ್ತಿಯಲ್ಲಿ ಗಾಳಿಗುಳ್ಳೆಗಳ ತೂತು. ಆ ತೂತುಗಳಲ್ಲಿ ಎಷ್ಟೋ ಕಡೆ ಬಿಳಿಯ ಹರಳು ತುಂಬಿದೆ. ಹಾಸಿನ ನಡುಭಾಗ ಇಡಿಯಾದ ಕರಿಗಲ್ಲು. ಎರಡು ಹಾಸುಗಳ ಮಧ್ಯೆ ಕೆಲವೆಡೆ ಕೆಂಪು ಮಣ್ಣಿನ ಪಟ್ಟಿ. ನೀರು ನಿಲ್ಲುವುದು ಮೇಲಿನ ಗರಸಿನಲ್ಲಿ, ತೂತುಗಲ್ಲಿನಲ್ಲಿ, ಸೀಳುಗಳಲ್ಲಿ. ಇಡಿಯಾದ ಕರಿಗಲ್ಲು ನೀರು ಹಿಡಿಯುವುದು ಬಲು ಕಡಿಮೆ. ಈ ಹಾಸುಗಳು ಒಟ್ಟು ಎಷ್ಟು ದಪ್ಪ, ಅವುಗಳ ಕೆಳಗೆ ಏನಿದೆ ಎಂಬುದನ್ನು ಕಣ್ಣಿನಿಂದ ಕಂಡದ್ದು ಇಂಥ ಯಂತ್ರದಿಂದಲೇ.

ಕಿಲ್ಲಾರಿಯನ್ನು ಇಲ್ಲಿ ಯಾರೂ ಮರೆತಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಣಪತಿ ಕಳಿಸಿ ಬಂದು ಮಲಗಿದ ಜನ ಕಲ್ಲುಮಣ್ಣಿನ ಗೋಡೆಗಳ ಕೆಳಗೆ ಸಿಕ್ಕರು. ಸುಮಾರು 10,000 ಜೀವಗಳು ಹೋದವು. ನಾನಾಗ ಶಾಲೆಯ ಹುಡುಗ. ನಮ್ಮೂರಲ್ಲಿ ಪಾತ್ರೆಗಳು ಮಾಡದಿಂದ ಉದುರಿದ ಸದ್ದು ಈಗಲೂ ಕಿವಿಯಲ್ಲಿದೆ. ನಮ್ಮಿಂದ ನೂರು ಕಿಲೋಮೀಟರ್ ಒಳಗಿನ ಊರು ಅದು. ಭೂಕಂಪವಾಗದ ಗಟ್ಟಿ ನೆಲ ಎಂದು ಹೇಳುತ್ತಿದ್ದ ಕಡೆ ಹೀಗೇಕಾಯಿತು ಎಂದು ತಿಳಿಯಲು ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನ ಸಂಸ್ಥೆಯವರು ಅಲ್ಲಿ 617 ಮೀಟರ್ ಆಳ ಕೊರೆದರು. 338 ಮೀಟರಿನ ತನಕ ಲಾವಾದ ಕಲ್ಲು. ಅದರ ಕೆಳಗೆ ಬರೀ 8 ಮೀಟರ್ ಹೂಳುಮಣ್ಣಿನ ಪದರು. ಆಮೇಲೆ ಅತಿ ಪುರಾತನವಾದ ಬುನಾದಿಯ ಕಲ್ಲು. ಆ 8 ಮೀಟರನ್ನು ನೆನೆದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಅದು ಲಾವಾ ಬರುವ ಮೊದಲಿನ ಹೊಲದ ಮಣ್ಣು ಎನ್ನಿ; ಬೆಂಕಿ ಬಂದು ಮುಚ್ಚಿದ ಮೇಲೆ ಬಿಸಿಲು ಕಂಡದ್ದು ಆ ಕೋಲುಗಳಲ್ಲಿ ಮಾತ್ರ.

ಕೋಯ್ನಾದಲ್ಲಿ ಕೂಡ ಹಾಗೆಯೇ. 1967ರ ಡಿಸೆಂಬರ್ 11ರ ಭೂಕಂಪದ ಆ ಪ್ರದೇಶದಲ್ಲಿ ಭೂವಿಜ್ಞಾನ ಮಂತ್ರಾಲಯದ ಯೋಜನೆಯಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ಆಳದ ಹಲವು ಕೋರು ತೆಗೆದಿದ್ದಾರೆ. 2017ರಲ್ಲಿ ಗೋಠಣೆ ಎಂಬಲ್ಲಿ ಸುಮಾರು ಮೂರು ಕಿಲೋಮೀಟರ್ ಆಳದ ತೂತು ಮುಗಿಯಿತು. ರಸಾಟಿಯಲ್ಲಿ ಲಾವಾದ ದಪ್ಪ 930 ಮೀಟರ್ ದಾಟಿತು, ಕಿಲ್ಲಾರಿಯ ಸುಮಾರು ಮೂರರಷ್ಟು. ಈ ಕೆಲಸ ನೋಡಿಕೊಳ್ಳುವ ಸಂಶೋಧನಾಲಯ ಕರಾಡದಲ್ಲಿದೆ. ಅದೂ ಕಬ್ಬಿನ ನಾಡೇ.

ನಮ್ಮ ಹಳ್ಳದ್ದು ಅಷ್ಟು ದೊಡ್ಡ ಸಂಗತಿಯಲ್ಲ. ಬಂಧಾರದ ಬುನಾದಿಗೆ ನೆಲ ತಕ್ಕದ್ದೇ ಎಂದು ನೋಡಲು ನಾಲ್ಕು ತೂತು, ಅಷ್ಟೆ. ಆದರೆ ನಮಗೆ ಇದೇ ದೊಡ್ಡದು. ಇಪ್ಪತ್ತು ವರ್ಷಗಳ ಹಿಂದೆ ಬೇರೊಂದು ಹಳ್ಳಕ್ಕೆ ಕಟ್ಟಿದ ಒಡ್ಡು ನಿಮಗೆ ಗೊತ್ತು, ಹೆಸರು ಹೇಳುವುದಿಲ್ಲ. ಅಲ್ಲಿ ಮೇಲಿನ ಗರಸು ಕೆದರಿ ಕಲ್ಲು ತಗುಲಿತೆಂದು ಗೋಡೆ ಎಬ್ಬಿಸಿದರು. ಆ ಕಲ್ಲಿನ ಕೆಳಗೆ ಮೂರು ಮೀಟರಿನಲ್ಲಿ ಒಡೆದ ತೂತುಗಲ್ಲಿನ ಪಟ್ಟಿ ಇತ್ತು. ಮಳೆಗಾಲದಲ್ಲಿ ತುಂಬಿದ ನೀರು ದೀಪಾವಳಿಯ ಹೊತ್ತಿಗೆ ಗೋಡೆಯ ಬುಡದಿಂದ ಹೋಯಿತು. ಅದನ್ನು ನಂಬಿ ಕಬ್ಬು ಹಚ್ಚಿದವರಲ್ಲಿ ಕೆಲವರು ಇಲ್ಲೇ ಕುಳಿತಿದ್ದಾರೆ.

ಕೋರು ತೆಗೆದಿದ್ದರೆ ಅದು ಕಾಣುತ್ತಿತ್ತು. ಕೋಲುಗಳನ್ನು ಮರದ ಪೆಟ್ಟಿಗೆಯ ಮನೆಗಳಲ್ಲಿ ಪುಸ್ತಕ ಓದುವ ಕ್ರಮದಲ್ಲಿ ಎಡದಿಂದ ಬಲಕ್ಕೆ ಸಾಲಾಗಿ ಇಡುತ್ತಾರೆ. ಒಂದು ಸಲ ಇಳಿದದ್ದು ಎಲ್ಲಿ ಮುಗಿಯಿತೋ ಅಲ್ಲಿ ಆಳ ಬರೆದ ಮರದ ತುಂಡು. ಮೊದಲು ನೋಡುವುದು, ಕೊರೆದಷ್ಟು ಉದ್ದದಲ್ಲಿ ಕೋಲು ಎಷ್ಟು ಬಂತು ಎಂದು. ಎರಡನೆಯದು, 10 ಸೆಂಟಿಮೀಟರ್ ಹಾಗೂ ಹೆಚ್ಚಿನ ತುಂಡುಗಳ ಉದ್ದ ಕೂಡಿಸಿದರೆ ಶೇಕಡ ಎಷ್ಟು ಎಂದು. ಇದು 1960ರ ದಶಕದಲ್ಲಿ ಅಮೆರಿಕದ ಡೀರ್ ಎಂಬ ಎಂಜಿನಿಯರರು ಹಾಕಿಕೊಟ್ಟ ಲೆಕ್ಕ: 90ರ ಮೇಲೆ ಉತ್ತಮೋತ್ತಮ ಕಲ್ಲು, 75ರ ಮೇಲೆ ಒಳ್ಳೆಯದು, 50ರ ಮೇಲೆ ಸಾಧಾರಣ, ಕೆಳಗಿನದು ಕಳಪೆ. ಇದಲ್ಲದೆ ತೂತಿನಲ್ಲಿ ರಬ್ಬರಿನ ಬಿರಡೆ ಹಾಕಿ ಒತ್ತಡದಿಂದ ನೀರು ತುಂಬಿ, ಕಲ್ಲು ಎಷ್ಟು ಕುಡಿಯುತ್ತದೆ ಎಂದು ಅಳೆಯುತ್ತಾರೆ. 10 ಬಾರ್ ಒತ್ತಡದಲ್ಲಿ ಮೀಟರಿಗೆ ನಿಮಿಷಕ್ಕೆ ಒಂದು ಲೀಟರ್ ಕುಡಿದರೆ ಒಂದು ಲೂಜಿಯಾನ್. ಸ್ವಿಟ್ಜರ್ಲೆಂಡಿನ ಮೋರಿಸ್ ಲೂಜಿಯಾನ್ 1933ರಲ್ಲಿ ಹೇಳಿದ ಅಳತೆ. ನಮ್ಮ ಹಳೆಯ ಒಡ್ಡಿನ ಬುಡ ಎಷ್ಟು ಲೂಜಿಯಾನ್ ಕುಡಿಯುತ್ತಿತ್ತೋ, ಯಾರೂ ಅಳೆಯಲಿಲ್ಲ.

ಹಾಗಾದರೆ ನಮ್ಮ ಬೋರಿಗೂ ಕೋರು ತೆಗೆಸೋಣವೇ ಎಂದು ಒಬ್ಬರು ಕೇಳಿದರು. ಬೇಡ. ಅದು ನಿಧಾನ, ದಿವಸಕ್ಕೆ ಕೆಲವೇ ಮೀಟರ್. ಖರ್ಚು ರೈತನಿಗೆ ನಿಲುಕದ್ದು. ಆದರೆ ಬೋರಿನ ಗಾಡಿ ಊದಿ ಹಾಕುವ ಪುಡಿಯೂ ಒಂದು ಬಗೆಯ ಬರಹವೇ, ಅದನ್ನು ನಾವು ಓದದೆ ತುಳಿಯುತ್ತೇವೆ. ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ.

2003ರ ಬರಗಾಲದಲ್ಲಿ ನಾನು ಧಾರವಾಡದಲ್ಲಿ ಪದವಿ ಮುಗಿಸಿ ಮನೆಗೆ ಬಂದಿದ್ದೆ. ಅಪ್ಪ ಬೋರು ಹಾಕಿಸಿದರು. ನೂರಾ ಹತ್ತು ಅಡಿಯ ಸುಮಾರಿಗೆ ಬೂದಿ ಬಣ್ಣದ ಪುಡಿ, ನಡುವೆ ಬಿಳಿ ಹರಳು, ಸ್ವಲ್ಪ ತೇವ. ನೂರಾ ನಲವತ್ತಕ್ಕೆ ಕೆಂಪು ಧೂಳು. ಆಮೇಲೆ ಕರಿ ಹಿಟ್ಟು. ಇನ್ನೂರಕ್ಕೂ ಕರಿ ಹಿಟ್ಟು, ಮುನ್ನೂರಕ್ಕೂ ಅದೇ. ಗಾಡಿಯವನು ಪ್ರತಿ ಐವತ್ತು ಅಡಿಗೆ ನಿಲ್ಲಿಸಿ ಕೇಳುತ್ತಿದ್ದ. ಅಪ್ಪ ಅವನ ಮುಖ ನೋಡಲಿಲ್ಲ, ಓದಿ ಬಂದ ಮಗನ ಮುಖ ನೋಡಿದರು. ನಾನು ‘ಇನ್ನೂ ಐವತ್ತು’ ಎಂದೆ. ಹಾಗೆ ನಾಲ್ಕು ನೂರಾ ಹತ್ತು ಅಡಿ. ನೀರು ಬರಲಿಲ್ಲ. ಬದುವಿನ ಆಚೆ ಎರಡು ಬೋರುಗಳು ಅದೇ ಕರಿ ಹಿಟ್ಟು ಕಂಡು ಒಣಗಿದ್ದವು. ಹೋಗಿ ಕೇಳುವ ಬುದ್ಧಿ ನನಗೆ ಬರಲಿಲ್ಲ. ಗಾಡಿಯ ಬಿಲ್ಲಿಗೆ ಅಪ್ಪ ಖಿಲಾರಿ ಜೋಡಿಯನ್ನು ಮಾರಿದರು. ಎತ್ತು ಬಿಚ್ಚಿಕೊಡುವಾಗ ಅವರು ನನಗೆ ಒಂದು ಮಾತೂ ಅನ್ನಲಿಲ್ಲ.

ಆದ್ದರಿಂದ ಕೇಳಿಕೊಳ್ಳುತ್ತೇನೆ. ಬೋರು ಹಾಕಿಸುವಾಗ ಪ್ರತಿ ಹತ್ತು ಅಡಿಗೆ ಒಂದು ಹಿಡಿ ಪುಡಿಯನ್ನು ಗೋಣಿತಾಟಿನ ಮೇಲೆ ಸಾಲಾಗಿ ಹಾಕಿರಿ, ಬಣ್ಣ ಬರೆಯಿರಿ, ಒಂದು ಕೊಳವೆ ಇಳಿಯಲು ಎಷ್ಟು ನಿಮಿಷ ಹಿಡಿಯಿತು ಬರೆಯಿರಿ, ಮೊದಲ ತೇವ ಎಲ್ಲಿ ಕಂಡಿತು ಬರೆಯಿರಿ. ಪುಡಿಯಲ್ಲಿ ಸೀಳು ಕಾಣುವುದಿಲ್ಲ, ಮೇಲಿನ ಪುಡಿ ಕೆಳಗಿನದರ ಜೊತೆ ಬೆರೆಯುತ್ತದೆ. ಕೋರಿನ ಮುಂದೆ ಅದು ಬಡವ. ಆದರೂ ಒಂದು ಊರಿನ ಇಪ್ಪತ್ತು ಬೋರುಗಳ ಇಂಥ ಲೆಕ್ಕ ಒಂದು ಕಡೆ ಸೇರಿದರೆ, ಇಪ್ಪತ್ತೊಂದನೆಯವನು ಎಲ್ಲಿ ನಿಲ್ಲಿಸಬೇಕೆಂದು ಕೇಳಲು ಒಂದು ಜಾಗ ಆಗುತ್ತದೆ. ಗಟ್ ಕಚೇರಿಯಲ್ಲಿ ಇದಕ್ಕಾಗಿ ನೋಂದಣಿ ಪುಸ್ತಕ ತೆರೆದಿದ್ದೇನೆ. ನನ್ನ ಅಪ್ಪನ ಬೋರು ಅದರಲ್ಲಿ ಒಂದನೆಯದು. 60 ಮೀಟರಿಗಿಂತ ಆಳದ ಬೋರಿಗೆ ಮಹಾರಾಷ್ಟ್ರದ 2009ರ ಭೂಜಲ ಕಾಯ್ದೆಯ ನಿರ್ಬಂಧ ಇದೆ ಎಂಬುದನ್ನೂ ನೆನಪಿಡಿರಿ. ಗಾಡಿಯವನು ಅದನ್ನು ಹೇಳುವುದಿಲ್ಲ.

ಕೊನೆಗೆ ಒಂದು ಸಂಕೋಚದ ಮಾತು. ಹೋದ ರವಿವಾರ ಎರಡನೆಯ ತೂತಿನ ಪೆಟ್ಟಿಗೆಯಿಂದ ಐದು ಕಲ್ಲಿನ ಕೋಲುಗಳು ಹೋಗಿವೆ. ಹುಡುಗರು ಒಯ್ದಿದ್ದಾರೆ. ನುಣುಪಾದ ಕಲ್ಲು, ಯಾರಿಗಾದರೂ ಆಸೆಯಾಗುತ್ತದೆ, ನನಗೂ ಆಯಿತು. ಒಂದು ದೇವರ ಕಟ್ಟೆಯ ಮೇಲೆ ಲಿಂಗವಾಗಿ ಕುಳಿತಿದೆಯಂತೆ, ಒಂದು ಯಾರದೋ ಮನೆಯಲ್ಲಿ ಕುಟ್ಟಾಣಿಗೆ ಬಿದ್ದಿದೆಯಂತೆ. ಆದರೆ ಆ ಒಂದೂವರೆ ಮೀಟರಿನಲ್ಲಿ 1 ಮೀಟರ್ 40 ಸೆಂ.ಮೀ. ಕೋಲು ಬಂದಿತ್ತು, ಎಲ್ಲ ಉದ್ದುದ್ದ ತುಂಡುಗಳು, ಅಂದರೆ ಶೇಕಡ 93. ಅದರಲ್ಲಿ 60 ಸೆಂ.ಮೀ. ಹೋಗಿದೆ. ಈಗ ಪೆಟ್ಟಿಗೆ ನೋಡಿದರೆ ಶೇಕಡ 53. ಉತ್ತಮೋತ್ತಮ ಕಲ್ಲು ಸಾಧಾರಣವಾಯಿತು. ಬಂದ ಉದ್ದ ಡ್ರಿಲ್ಲರನ ದಿನವಹಿಯಲ್ಲಿದೆ, ನಿಜ. ಆದರೆ ಬರುವ ಸೋಮವಾರ ಭೂಗರ್ಭಶಾಸ್ತ್ರಜ್ಞರು ಬಂದು ಕಲ್ಲನ್ನು ಕಣ್ಣಿನಿಂದ ಕಾಣದೆ ಸಹಿ ಹಾಕುವುದಿಲ್ಲ ಎಂದಿದ್ದಾರೆ. ಆ ತೂತನ್ನು ಮತ್ತೆ ಕೊರೆಯಬೇಕಾದರೆ ಯಂತ್ರ ತಿರುಗಿ ಬರುವ ತನಕ ಕಾಯಬೇಕು, ಬೇಸಿಗೆ ಕಳೆಯುತ್ತದೆ, ಬಂಧಾರ ಒಂದು ಮಳೆಗಾಲ ಹಿಂದೆ ಬೀಳುತ್ತದೆ.

ಕೋಲು ಮುರಿದಿದ್ದರೂ ತನ್ನಿರಿ. ಹೊಸದಾಗಿ ಮುರಿದ ಮುಖ ಯಾವುದು, ನೆಲದೊಳಗಿನ ಹಳೆಯ ಸೀಳು ಯಾವುದು ಎಂದು ಅವರಿಗೆ ತಿಳಿಯುತ್ತದೆ, ಜೋಡಿಸಿ ನೋಡುತ್ತಾರೆ. ಶನಿವಾರದೊಳಗೆ ಗಟ್ ಕಚೇರಿಯ ವರಾಂಡದಲ್ಲಿ ಇಟ್ಟು ಹೋದರೆ ಸಾಕು, ಯಾರು ಎತ್ತ ಎಂದು ಕೇಳುವುದಿಲ್ಲ. ಕಟ್ಟೆಯ ಮೇಲಿನದನ್ನು ಪೂಜೆ ಮಾಡಿದವರೇ ತಂದರೆ ಒಳ್ಳೆಯದು, ನಾವು ಮುಟ್ಟುವುದು ಸರಿಯಲ್ಲ. ಕುಟ್ಟಾಣಿಯಲ್ಲಿ ಹಾಕಿಕೊಂಡ ತಾಯಿಗೆ ಬದಲಿ ಗುಂಡುಕಲ್ಲನ್ನು ಸೋಲಾಪುರದ ಸಂತೆಯಿಂದ ನಾನೇ ತಂದುಕೊಡುತ್ತೇನೆ.